ಕೊನೇಲಿ ಸ್ನಾನ ಮಾಡೋರು ಯಾರು?

ಹೋದ ತಿಂಗಳು ನನ್ನ ಮಗ ಊಟದ ಮೇಜಿನ ಮೇಲೆ ನಾಲ್ಕೈದು ಬಣ್ಣದ ಕಾಗದಗಳನ್ನು ಹರಡಿಕೊಂಡು ಕೂತಿದ್ದ. ಮನೆಯ ಬಿಸಿನೀರಿನ ಹಳೆಯ ವ್ಯವಸ್ಥೆ ತೆಗೆಸಿ ಹೊಸದು ಹಾಕಿಸಬೇಕು, ಯಾವುದು ಒಳ್ಳೆಯದು, ಎಷ್ಟು ಲೀಟರಿನದು ಎಂದು ಗಂಡ ಹೆಂಡತಿಯ ಚರ್ಚೆ ನಡೆದಿತ್ತು. ಅವರೆಕಾಳು ಸುಲಿಯುತ್ತ ಕೂತಿದ್ದ ನನ್ನ ಬಾಯಿಂದ ತಾನಾಗಿಯೇ ಒಂದು ಮಾತು ಬಂತು.

"ಕೊನೇಲಿ ಸ್ನಾನ ಮಾಡೋರು ಯಾರು?"

"ಅಮ್ಮ, ಎಷ್ಟು ಲೀಟರ್ ಅಂತ ನೋಡ್ತಿದೀವಿ ನಾವು."

"ನಾನೂ ಅದನ್ನೇ ಕಣೋ ಕೇಳ್ತಿರೋದು" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಮ್ಮನಿಗೆ ವಯಸ್ಸಾಯಿತು ಎಂಬ ನೋಟ ಅದು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇದೇ ಪ್ರಶ್ನೆ ಕೇಳಿದ್ದಕ್ಕೆ ನಮ್ಮ ಮಾವನವರು ಇನ್ನೊಬ್ಬರನ್ನು ಹೀಗೆಯೇ ನೋಡಿದ್ದರು.

ಆ ಇನ್ನೊಬ್ಬರು ನಮ್ಮ ಎದುರುಮನೆಯವರು. ಹೆಸರು ಬೇಡ. ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಜಯನಗರದ ನಮ್ಮ ಬೀದಿಯ ಮಕ್ಕಳಿಗೆ ಅವರು ಬಿಸಿನೀರು ಮಾಮ, ದೊಡ್ಡವರಿಗೆ ಎದುರಿಗೆ ಸಾರ್, ಬೆನ್ನ ಹಿಂದೆ ಮತ್ತೆ ಬಿಸಿನೀರು ಮಾಮ. ಬೊಮ್ಮನಹಳ್ಳಿ ಕಡೆಯ ಯಾವುದೋ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಅಲ್ಲಿ ಏನು ತಯಾರಾಗುತ್ತಿತ್ತೋ ನಮಗ್ಯಾರಿಗೂ ಗೊತ್ತಿರಲಿಲ್ಲ, ಕೇಳಿದರೆ ಹೇಳುತ್ತಲೂ ಇರಲಿಲ್ಲ. ಬಚ್ಚಲಿನ ವಿಷಯ ಎತ್ತಿದರೆ ಮಾತ್ರ ಮನುಷ್ಯ ಅರಳಿಬಿಡುತ್ತಿದ್ದರು.

ನಾನು ಆ ಬೀದಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವೆ. ಆಗ ನಮ್ಮ ಸಾಲಿನ ಮುಕ್ಕಾಲು ಮನೆಗಳಲ್ಲಿ ಹಂಡೆಯೇ. ಬಚ್ಚಲೊಲೆಗೆ ಸೌದೆ, ತೆಂಗಿನ ಗರಿ, ಕರಟ, ಹಳೆಯ ನ್ಯೂಸ್‌ಪೇಪರು ಏನು ಸಿಕ್ಕಿದರೆ ಅದು. ಬೆಳಗಾದರೆ ಬೀದಿಯ ತುಂಬ ಹೊಗೆ. ಸ್ವಲ್ಪ ಅನುಕೂಲಸ್ಥರು ತಾಮ್ರದ ಬಾಯ್ಲರ್ ಇಟ್ಟಿದ್ದರು, ಧೈರ್ಯವಂತರು ಬಕೆಟ್ಟಿಗೆ ಕರೆಂಟಿನ ಕಾಯಿಲ್ ಇಳಿಬಿಡುತ್ತಿದ್ದರು. ಗೀಸರ್ ಇದ್ದ ಮನೆಗೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಿರಲಿಲ್ಲ. ಇವುಗಳಲ್ಲಿ ಯಾರಿಗೆ ಯಾವುದು ಸರಿ ಎಂದು ಹೇಳುವ ಅಧಿಕಾರವನ್ನು ಎದುರುಮನೆಯವರಿಗೆ ಯಾರು ಕೊಟ್ಟರೋ ಕಾಣೆ. ಆದರೆ ಅವರನ್ನು ಕೇಳದೆ ಬೀದಿಯಲ್ಲಿ ಒಬ್ಬರೂ ಒಂದು ಕಾಯಿಲ್ ಕೂಡ ಕೊಳ್ಳುತ್ತಿರಲಿಲ್ಲ.

ಅವರ ಬಲಗೈ ತೋಳು ಸದಾ ಮೇಲಕ್ಕೆ ಮಡಿಸಿರುತ್ತಿತ್ತು. ಮದುವೆ ಮನೆಗೆ ಬಂದರೂ ಅಷ್ಟೆ. ನೀರಿನ ಬಿಸಿ ನೋಡಲು ಅವರು ಬಳಸುತ್ತಿದ್ದದ್ದು ಮೊಣಕೈ. ಕಾರ್ಖಾನೆಯವರಲ್ಲವೇ, ಥರ್ಮಾಮೀಟರ್ ಇಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ಅಂಗೈ ಕೆಲಸ ಮಾಡಿ ಮಾಡಿ ದಪ್ಪ ಆಗಿರತ್ತೆ ಸಾರ್, ಅದು ಸುಳ್ಳು ಹೇಳತ್ತೆ. ಥರ್ಮಾಮೀಟರ್‌ಗೆ ಚಳಿ ಅಂದ್ರೇನು ಅಂತ ಗೊತ್ತಿಲ್ಲ. ಮೊಣಕೈ ಒಂದೇ ನಂಬೋ ಹಂಗಿರೋದು" ಎಂದಿದ್ದರಂತೆ.

ನಾನು ಬಂದ ವರ್ಷವೇ ನಮ್ಮ ಮಾವನವರಿಗೆ ಗೀಸರ್ ಹುಚ್ಚು ಹಿಡಿಯಿತು. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಒಂದು ಪುಟ್ಟ ಗೀಸರ್ ನೋಡಿ ಮನಸೋತು ಬಂದಿದ್ದರು. ಸಂಪ್ರದಾಯದಂತೆ ಎದುರುಮನೆಯವರನ್ನು ಕರೆಸಿದರು. ನಮ್ಮದು ಏಳು ಜನರ ಮನೆ. ಮಾವ, ಅತ್ತೆ, ನನ್ನ ಯಜಮಾನರು, ಇಬ್ಬರು ಮೈದುನರು, ಒಬ್ಬ ನಾದಿನಿ, ನಾನು. ಅವರು ಬಂದು ಬಚ್ಚಲುಮನೆ ಹೊಕ್ಕು, ಒಗೆಯುವ ಕಲ್ಲಿನ ಮೇಲೆ ಕೂತು, ಗೋಡೆಯನ್ನೊಮ್ಮೆ ಹಂಡೆಯನ್ನೊಮ್ಮೆ ನೋಡಿ ಕೇಳಿದರು.

"ಕೊನೇಲಿ ಸ್ನಾನ ಮಾಡೋರು ಯಾರು?"

ಮಾವನವರಿಗೆ ಅರ್ಥವಾಗಲಿಲ್ಲ. "ಎಷ್ಟು ಜನ ಅಂತ ಕೇಳಿ ಸಾರ್, ಹೇಳ್ತೀನಿ. ಕೊನೇಲಿ ಯಾರು ಅನ್ನೋದನ್ನ ಕಟ್ಕೊಂಡು ನಿಮಗೇನು?"

"ಮೊದ್ಲು ಮಾಡೋರ್ಗೆ ಹಂಡೇಲೂ ಬಿಸಿನೀರು ಸಿಗತ್ತೆ, ಗೀಸರ್‌ನಲ್ಲೂ ಸಿಗತ್ತೆ. ಅವ್ರನ್ನ ಕೇಳಿ ಏನು ಪ್ರಯೋಜನ?"

ಮಾವನವರು ನಾನು ಮೇಲೆ ಹೇಳಿದ ನೋಟ ನೋಡಿದರು. ಅತ್ತೆ ಅಡುಗೆಮನೆಯಿಂದ, "ಇನ್ಯಾರು, ನಮ್ಮ ಸೊಸೆ" ಎಂದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೊಸ ಸೊಸೆಯ ಸ್ನಾನದ ವಿಚಾರ ಪರಗಂಡಸಿನ ಎದುರು!

ಅವರು ಅಷ್ಟಕ್ಕೇ ಬಿಡಲಿಲ್ಲ. ಒಂದು ವಾರ ಮನೆಯ ಎಲ್ಲರೂ ತಾವು ಹೊಯ್ದುಕೊಳ್ಳುವ ಬಿಸಿನೀರಿನ ಚೊಂಬುಗಳನ್ನು ಎಣಿಸಿ ಬಚ್ಚಲ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯಬೇಕೆಂದು ಅಪ್ಪಣೆ ಮಾಡಿ ಹೋದರು. ಎಣಿಸುತ್ತ ಮಾಡಿದರೆ ಅದು ಸ್ನಾನವಲ್ಲ, ಜಪ ಎಂದು ಅತ್ತೆ ಬರೆಯಲಿಲ್ಲ. ದೊಡ್ಡ ಮೈದುನ ನಲವತ್ತು ಚೊಂಬು ಎಂದು ಹೆಮ್ಮೆಯಿಂದ ಬರೆದ. ಚಿಕ್ಕವನು ಅವನನ್ನು ಮೀರಿಸಲು ನಲವತ್ತೆರಡು ಬರೆದ. ವಾರ ಕಳೆದು ಎದುರುಮನೆಯವರು ಬಂದು ಬಾಗಿಲು ಓದಿದರು. ಕೆಳಗೆ ನನ್ನ ಸಾಲಿತ್ತು. ಆರು, ಆರು, ಐದು, ಆರು. ಉಳಿದದ್ದೇ ಅಷ್ಟು, ಅದೂ ಉಗುರುಬೆಚ್ಚಗೆ. ಒಂಬತ್ತಕ್ಕೆ ಪಕ್ಕದ ಸಿದ್ದಾಪುರದ ಶಾಲೆಯಲ್ಲಿ ನನ್ನ ಮೊದಲ ಪಾಠ. ಮತ್ತೆ ಒಲೆ ಹಚ್ಚಿಕೊಂಡು ಕೂರುವಷ್ಟು ಹೊತ್ತು ಯಾರಿಗಿತ್ತು?

"ಆರು ಚೊಂಬಾ? ಇದು ಸ್ನಾನ ಅಲ್ಲ ಸಾರ್, ಪ್ರೋಕ್ಷಣೆ" ಎಂದರು ಅವರು. ಮೈದುನರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಯಾಕೋ ಸ್ವಲ್ಪ ಕಣ್ಣೀರನ್ನೂ ಹಾಕಿದೆ. ಮದುವೆಯಾಗಿ ಏಳು ತಿಂಗಳಾಗಿತ್ತು. ನನಗೆ ಚಳಿಯಾಗುತ್ತದೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ನಾನೂ ಬಾಯಿ ಬಿಟ್ಟಿರಲಿಲ್ಲ.

ಪುಟ್ಟ ಗೀಸರ್ ಬೇಡವೇ ಬೇಡ, ಹಾಕಿಸಿದರೆ ದೊಡ್ಡ ಟ್ಯಾಂಕಿನದು, ಇಲ್ಲದಿದ್ದರೆ ಹಂಡೆಯೇ ಇರಲಿ ಎಂದು ಅವರ ತೀರ್ಪಾಯಿತು. ಮಾವನವರು ವಾದಿಸಿದರು. ಪುಟ್ಟದು ನೋಡಲು ಲಕ್ಷಣವಾಗಿದೆ ಎಂದರು. "ಲಕ್ಷಣವಾಗಿರೋದು ಬೇಕಾದ್ರೆ ಹಾಲ್‌ನಲ್ಲಿ ಹಾಕ್ಸಿ" ಎಂದು ಅವರು ಎದ್ದು ಹೋದರು. ಕೊನೆಗೆ ದೊಡ್ಡದೇ ಬಂತು. ಅತ್ತೆ ಅದಕ್ಕೆ ಗೋಡೆಗೆ ನೇತುಹಾಕಿದ ಗಂಡಾಂತರ ಎಂದು ಹೆಸರಿಟ್ಟು, ಅದು ಇಂದಲ್ಲ ನಾಳೆ ತಮ್ಮ ತಲೆಯ ಮೇಲೆ ಬೀಳುತ್ತದೆ ಎಂದು ನಂಬಿ, ಗೋಡೆಯಿಂದ ಮಾರು ದೂರ ಕೂತು ಸ್ನಾನ ಮಾಡತೊಡಗಿದರು. ಹಂಡೆ ಹಿತ್ತಿಲಿಗೆ ಹೋಗಿ ಬೋರಲು ಬಿತ್ತು. ನನಗೆ ಮಾತ್ರ ಆ ಆರು ತಿಂಗಳು ಸ್ವರ್ಗ. ಏಳನೆಯವಳಾಗಿ ಹೋದರೂ ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು. ಶಾಲೆಯಲ್ಲಿ ನಾನು ಮಕ್ಕಳನ್ನು ಗದರುವುದು ಕಡಿಮೆಯಾಯಿತೆಂದು ಹೆಡ್‌ಮಿಸ್ಟ್ರೆಸ್ ಕೂಡ ಹೇಳಿದರು.

ಆಮೇಲೆ ದೀಪಾವಳಿ ಬಂತು.

ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಹಂಡೆಯ ಹಳೆಯ ನೀರೆಲ್ಲ ಚೆಲ್ಲಿ, ಹುಣಿಸೇಹಣ್ಣು ಹಾಕಿ ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡಬೇಕು. ಮರುದಿನ ಬೆಳಕು ಹರಿಯುವ ಮೊದಲು ಆ ನೀರಿನಲ್ಲಿ ಎಲ್ಲರಿಗೂ ಎಣ್ಣೆಸ್ನಾನ. ಈಗ ಹಂಡೆಯ ಜಾಗದಲ್ಲಿ ಗೀಸರ್ ಇದೆಯಲ್ಲ, ಪೂಜೆ ಯಾವುದಕ್ಕೆ? ಅತ್ತೆ ಒಂದು ದಿನವಿಡೀ ಯೋಚಿಸಿ, ನೀರು ಕಾಯಿಸುವುದು ಯಾವುದೋ ಪೂಜೆ ಅದಕ್ಕೇ ಎಂದು ತೀರ್ಮಾನ ಕೊಟ್ಟರು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಪೂಜೆ ಎಂದ ಮೇಲೆ ಅದರಲ್ಲಿ ಹಳೆಯ ನೀರು ಇರಬಹುದೇ?

ಮಾವನವರು ಸ್ಟೂಲು ಹತ್ತಿದರು. ನೀರು ಬರುವ ಪೈಪಿನ ವಾಲ್ವ್ ಭದ್ರವಾಗಿ ತಿರುಗಿಸಿ ಮುಚ್ಚಿದರು, ಅಡಿಯ ಬಿರಡೆ ಬಿಚ್ಚಿ ಗೀಸರಿನ ನೀರನ್ನೆಲ್ಲ ಬಸಿದರು, ಬಿರಡೆ ಮತ್ತೆ ಹಾಕಿದರು. ಅತ್ತೆ ಹೊರಮೈಗೆ ಸುಣ್ಣ ಕೆಮ್ಮಣ್ಣು ಬಳಿದರು. ನಾದಿನಿ ಹಾಗಲಬಳ್ಳಿಯನ್ನು ಟ್ಯಾಂಕಿಗೂ ಪೈಪಿಗೂ ಸೇರಿಸಿ ಎಷ್ಟು ಚೆನ್ನಾಗಿ ಸುತ್ತಿದಳೆಂದರೆ ವಾಲ್ವ್ ಎಂಬುದೊಂದು ಅಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಮಂಗಳಾರತಿಯಾಯಿತು. ಗೀಸರ್ ಮದುವೆಗೆ ಹೊರಟ ಗಂಡಿನ ಹಾಗೆ ಕಾಣುತ್ತಿತ್ತು. ಹೊಸ ನೀರು ತುಂಬಿಸುವುದನ್ನು ಮಾತ್ರ ಎಲ್ಲರೂ ಮರೆತರು.

ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದವಳು ನಾನು. ಸ್ವಿಚ್ ಒತ್ತಿದವಳೂ ನಾನೇ. ಅತ್ತೆ ಸಾಲಾಗಿ ಕೂರಿಸಿ ಎಲ್ಲರ ನೆತ್ತಿಗೂ ಎಣ್ಣೆ ತಟ್ಟುತ್ತಿದ್ದಾಗ ಒಳಗಿನಿಂದ ಟಪ್ಪೆಂದು ಒಂದು ಸದ್ದು, ಹಿಂದೆಯೇ ಸುಟ್ಟ ವಾಸನೆ. ಮೊದಲು ಯಾರೋ ಪಟಾಕಿ ಹೊಡೆದರು ಅಂದುಕೊಂಡೆವು.

ಆಮೇಲೆ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ, ಅವತ್ತು ಬರಲಿಲ್ಲ. ಏಳು ಜನ, ಮೈಯೆಲ್ಲ ಹರಳೆಣ್ಣೆ, ಬಿಸಿನೀರಿಲ್ಲ. ಸ್ವಿಚ್ ಹಾಕಿದ್ದು ಯಾರು ಎಂದು ಮಾವ ಕೇಳಿದರು. ವಾಲ್ವ್ ಮುಚ್ಚಿದ್ದು ಯಾರು ಎಂದು ಯಾರೂ ಕೇಳಲಿಲ್ಲ. "ಹಂಡೆ ಇದ್ದಾಗ ಇಂಥದ್ದೊಂದೂ ಆಗಿರ್ಲಿಲ್ಲ. ನಾಳೇನೇ ಇದನ್ನ ಕಿತ್ಹಾಕಿ" ಎಂದರು ಅತ್ತೆ. ನನಗೆ ಹಬ್ಬ ಕೆಟ್ಟದ್ದಕ್ಕಿಂತ ಹೆಚ್ಚು ಭಯವಾದದ್ದು ಆ ಮಾತಿಗೆ. ಮತ್ತೆ ಆರು ಚೊಂಬು, ಮತ್ತೆ ಉಗುರುಬೆಚ್ಚಗೆ.

ಸದ್ದು ಕೇಳಿ ಎದುರುಮನೆಯವರು ಬಂದರು. ಅವರದೂ ಮೈತುಂಬ ಎಣ್ಣೆ, ಸೊಂಟಕ್ಕೆ ಒಂದು ಟವೆಲ್ಲು. ಹಾಗಲಬಳ್ಳಿ ಸರಿಸಿದರು, ವಾಲ್ವ್ ನೋಡಿದರು, ಮೂಸಿದರು, ಮಾವನವರ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು. ಹೇಳಿದ್ದು ಮಾತ್ರ ಬೇರೆ.

"ತಪ್ಪು ನಂದು ಸಾರ್. ಯಾರನ್ನೂ ಏನೂ ಅನ್ಬೇಡಿ."

"ನಿಮ್ಮದು ಹೆಂಗೆ ತಪ್ಪಾಗತ್ತೆ?" ಮಾವ ಕೇಳಿದರು.

"ಗೀಸರ್ ಆರಿಸಿಕೊಟ್ಟೋನು ನಾನು. ಗೋಡೆ ನೋಡ್ದೆ, ಕರೆಂಟ್ ನೋಡ್ದೆ, ಚೊಂಬು ಎಣಿಸ್ದೆ. ಆದ್ರೆ ಈ ಮನೇಲಿ ನೀರು ತುಂಬೋ ಹಬ್ಬ ಮಾಡ್ತಾರಾ ಅಂತ ಕೇಳ್ಲಿಲ್ಲ. ಕೇಳ್ಬೇಕಿತ್ತು. ಒಳಗಿನ ಎಲಿಮೆಂಟ್ ಒಂದು ಹೋಗಿದೆ, ಅಷ್ಟೆ. ನಾನೇ ಹಾಕಿಸ್ಕೊಡ್ತೀನಿ. ಈಗ ಎಲ್ರೂ ನಮ್ಮನೆಗೆ ನಡೀರಿ, ಹಂಡೇಲಿ ನೀರು ಕುದೀತಿದೆ."

ನಾವು ಏಳೂ ಜನ ಹೆಗಲ ಮೇಲೆ ಹೊಸ ಬಟ್ಟೆ ಹಾಕಿಕೊಂಡು, ಎಣ್ಣೆ ತೊಟ್ಟಿಕ್ಕಿಸುತ್ತ, ಬೀದಿ ದಾಟಿದೆವು. ಪಟಾಕಿ ಹಚ್ಚುತ್ತಿದ್ದ ಮಕ್ಕಳು ಊದಿನಕಡ್ಡಿ ಹಿಡಿದು ಹಾಗೇ ನಿಂತು ನೋಡಿದರು. ಬೀದಿಗೆಲ್ಲ ಗೀಸರ್, ಬಾಯ್ಲರ್ ಆರಿಸಿಕೊಟ್ಟವರ ಮನೆಯಲ್ಲಿ ಇನ್ನೂ ಹಂಡೆಯೇ ಇದೆ ಎಂದು ನಾನು ನೋಡಿದ್ದು ಅವತ್ತೇ. ಅವರೇ ಕೂತು ಒಲೆಗೆ ಸೌದೆ ತುಂಬುತ್ತಿದ್ದರು. ಮೊದಲು ಯಾರು ಎಂದಾಗ ಮಾವನವರು ಸಹಜವಾಗಿ ಮುಂದೆ ಬಂದರು.

"ಇವತ್ತು ಉಲ್ಟಾ ಸಾರ್" ಎಂದರು ಅವರು. "ಮೊದ್ಲು ನಿಮ್ಮ ಸೊಸೆ ಹೋಗ್ಲಿ."

"ದೊಡ್ಡೋರಿದ್ದಾಗ ಸೊಸೆ ಮೊದ್ಲಾ?" ಅತ್ತೆ ಹುಬ್ಬು ಗಂಟಿಕ್ಕಿದರು.

"ನಮ್ಮ ಹಂಡೆ, ನಮ್ಮ ಲೆಕ್ಕ ಅಮ್ಮನೋರೇ. ಹೋಗಮ್ಮ ನೀನು."

ನಾನು ಹೋದೆ. ಎಷ್ಟು ಚೊಂಬು ಎಂದು ಎಣಿಸಲಿಲ್ಲ. ಮದುವೆಯಾದ ಮೇಲೆ ಎಲ್ಲರಿಗಿಂತ ಮುಂಚೆ ಸ್ನಾನ ಮಾಡಿದ್ದು ಅದೇ ಮೊದಲು.

ಆಮೇಲೆ ಮನೆಗೆ ಬಂದು ನೋಡಿದರೆ ಸೀಗೆಪುಡಿಯ ಡಬ್ಬ ಅಲ್ಲೇ ಮರೆತು ಬಂದಿದ್ದೆ. ಎಲ್ಲರ ಸ್ನಾನವೂ ಮುಗಿದ ಮೇಲೆ ತರಲು ಹೋದೆ. ಹಂಡೆ ಬರಿದಾಗಿತ್ತು, ಒಲೆ ಆರಿತ್ತು. ಎದುರುಮನೆಯವರು ಹಿತ್ತಿಲಿನ ತೊಟ್ಟಿಯ ಪಕ್ಕ ನಿಂತು, ಹಲ್ಲು ಕಡಿಯುತ್ತ, ಎಣ್ಣೆಯ ಮೈಗೆ ತಣ್ಣೀರು ಸುರಿದುಕೊಳ್ಳುತ್ತಿದ್ದರು. ನನ್ನನ್ನು ಕಂಡು ಪೆಚ್ಚಾದರು.

"ನಂಗೆ ಬಿಸಿನೀರು ಒಗ್ಗಲ್ಲ ಕಣಮ್ಮ" ಎಂದರು.

ಅವರ ಹೆಂಡತಿ ಡಬ್ಬ ತಂದುಕೊಡುತ್ತ ಮೆಲ್ಲಗೆ ಹೇಳಿದರು. "ಒಗ್ಗಲ್ಲ ಅನ್ನೋದೆಲ್ಲ ಸುಳ್ಳು. ಮದ್ವೆ ಆದಾಗಿಂದ ಇವ್ರು ಒಂದಿನ ನನ್ನ ಕೊನೇಲಿ ಸ್ನಾನಕ್ಕೆ ಬಿಟ್ಟಿಲ್ಲ. ತಾನೇ ಒಲೆ ಹಚ್ಚಿ, ಎಲ್ರಿಗೂ ತೋಡಿ ಕೊಟ್ಟು, ಉಳಿದಿದ್ರೆ ಬಿಸಿನೀರು, ಇಲ್ದಿದ್ರೆ ಹಿಂಗೆ. ಒಂದು ಗೀಸರ್ ಹಾಕ್ಸಿ ಅಂದ್ರೆ, ತಡಿಯೇ, ಇನ್ನೂ ಒಳ್ಳೇದು ಬರತ್ತೆ ಅಂತಾರೆ."

ತಣ್ಣೀರಿಗೆ ಹರಳೆಣ್ಣೆ ಬಿಡುತ್ತದೆಯೇ? ಆ ಹಬ್ಬವಿಡೀ ಅವರು ಫಳಫಳ ಹೊಳೆಯುತ್ತ ಬೀದಿಯಲ್ಲಿ ಓಡಾಡಿದರು. ಕೇಳಿದವರಿಗೆಲ್ಲ ದೀಪಾವಳಿಯ ಕಳೆ ಎಂದರು.

ಗೀಸರ್ ಉಳಿಯಿತು. ಅಂದಿನಿಂದ ಅವರ ಪ್ರಶ್ನೆಗಳು ಎರಡಾದವು. ಯಾರ ಮನೆಗೆ ಹೋದರೂ ಮೊದಲು ಕೊನೆಯ ಸ್ನಾನದವರನ್ನು ವಿಚಾರಿಸುವುದು, ಆಮೇಲೆ ನೀರು ತುಂಬುವ ಹಬ್ಬ ಇದೆಯೇ ಎಂದು ಕೇಳುವುದು. ಇದೆ ಎಂದರೆ ಗೀಸರಿನ ಕೆಳಗೆ ಪೂಜೆಗೆಂದೇ ಒಂದು ತಾಮ್ರದ ಕೊಳಗ ಇಡಿಸುತ್ತಿದ್ದರು. ತಮ್ಮ ತಪ್ಪಲ್ಲದ ತಪ್ಪಿನಿಂದ ಅಷ್ಟು ಶ್ರದ್ಧೆಯಾಗಿ ಪಾಠ ಕಲಿತವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಎಂಬತ್ತರ ದಶಕದ ನಡುವೆ ಅವರು ರಿಟೈರ್ ಆದರು. ಅದೇ ಹೊತ್ತಿಗೆ ಬೆಂಗಳೂರಿಗೆ ಸೋಲಾರ್ ಬಂತು. ಯಾವುದೋ ವಸ್ತುಪ್ರದರ್ಶನದಲ್ಲಿ ಅದನ್ನು ನೋಡಿ ಬಂದವರು ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದರು. "ಬಂತು ಕಣಮ್ಮ, ನಾನು ಕಾಯ್ತಿದ್ದಿದ್ದು ಬಂತು. ಸೌದೆ ಇಲ್ಲ, ಕರೆಂಟಿಲ್ಲ, ಹೊಗೆ ಇಲ್ಲ!" ಅಷ್ಟು ಹೇಳಿದವರಿಗೆ ತಮ್ಮ ಮನೆಗೆ ಹಾಕಿಸಿಕೊಳ್ಳಲಾಗಲಿಲ್ಲ. ಅವರ ತಾರಸಿಯ ಮೇಲೆ ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ತೆಂಗಿನಮರದ ನೆರಳು. ಮರ ಹೆಂಡತಿ ನೆಟ್ಟದ್ದು. ಕಡಿಯೋಣ ಎಂದು ಅವರು ಕೇಳಲಿಲ್ಲ, ಕಡೀರಿ ಎಂದು ಆಕೆ ಹೇಳಲಿಲ್ಲ. ಹಾಗಾಗಿ ಅವರು ಅಷ್ಟು ವರ್ಷ ಕಾದಿದ್ದ ಯಂತ್ರ ನಮ್ಮ ತಾರಸಿ ಏರಿತು.

ಏರುವ ಮೊದಲು ನಮ್ಮ ಮನೆಗೆ ಅದು ಎಷ್ಟು ದೊಡ್ಡದಿರಬೇಕೆಂದು ಮೂರು ದಿನ ಲೆಕ್ಕ ಹಾಕಿದರು. ಮಾವನವರಿಗೆ ಆಗ ಕಣ್ಣು ಮಂಜಾಗಿತ್ತು, ನಾಲಿಗೆ ಆಗಿರಲಿಲ್ಲ. "ಮಗಳೂ ಒಬ್ಬ ಮಗನೂ ಬೇರೆ ಮನೆ ಸೇರಿದ್ರು, ಎರಡು ಮೊಮ್ಮಕ್ಕಳು ಬಂದ್ರೂ ಈಗ್ಲೂ ನಾವು ಏಳೇ ಜನ. ಇಷ್ಟು ದೊಡ್ಡ ಟ್ಯಾಂಕ್ ಯಾಕೆ, ಮದ್ವೆ ಛತ್ರಕ್ಕಾ?" ಎಂದರು.

"ಏಳು ಜನಕ್ಕೆ ಅಲ್ಲ ಸಾರ್. ಏಳನೆಯೋರಿಗೆ" ಎಂದರು ಅವರು.

ಆಷಾಢದಲ್ಲಿ ಮೋಡ ಕವಿದು ನೀರು ಕಾಯದಿದ್ದ ದಿನ ಅವರು ಬೀದಿಯ ನಡುವೆ ನಿಂತು ಆಕಾಶ ನೋಡುತ್ತ, ನಾನು ಹೊರಗೆ ಬಂದರೆ ತಲೆ ತಗ್ಗಿಸುತ್ತಿದ್ದರು. ಮೋಡವನ್ನು ಆರಿಸಿದ್ದೂ ತಾವೇ ಎನ್ನುವಂತೆ! ದೀಪಾವಳಿಗೆ ಅತ್ತೆ ಆ ವಯಸ್ಸಿನಲ್ಲಿ ಮೆಟ್ಟಿಲು ಹತ್ತಿ ಸೋಲಾರ್ ಟ್ಯಾಂಕಿಗೆ ಹಾಗಲಬಳ್ಳಿ ಸುತ್ತುವಾಗ, ಅವರು ವಾಲ್ವಿನ ಮೇಲೆ ಎರಡೂ ಕೈ ಇಟ್ಟು ಕಾವಲು ನಿಲ್ಲುತ್ತಿದ್ದರು.

ಅವರ ಮನೆಯಲ್ಲಿ ಮಾತ್ರ ಹಂಡೆ, ಕೊನೆಯ ಸರದಿ, ತಣ್ಣೀರು. ನಮ್ಮಲ್ಲಿಗೇ ಬಂದು ಒಂದು ದಿನ ಸ್ನಾನ ಮಾಡಿ ಎಂದು ನಾನು ಎಷ್ಟು ಸಲ ಕರೆದೆನೋ. ಮೊಣಕೈ ಅದ್ದಿ ನೋಡಿ, "ಸರಿಯಾಗಿದೆ" ಎಂದು ಹೋಗಿಬಿಡುತ್ತಿದ್ದರು.

ಒಂದು ಡಿಸೆಂಬರಿನ ಬೆಳಗ್ಗೆ, ಒಲೆ ಹಚ್ಚಲು ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಕಡ್ಡಿಪೆಟ್ಟಿಗೆ ಕೈಯಲ್ಲೇ ಇತ್ತಂತೆ. ನಾವು ಓಡಿಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಧ್ಯಾಹ್ನ ಅಂಗಳದಲ್ಲಿ ಮಲಗಿಸಿ ಸ್ನಾನ ಮಾಡಿಸಬೇಕು. ಯಾರೋ ತೊಟ್ಟಿಯಿಂದ ಒಂದು ಬಕೆಟ್ ನೀರು ತಂದಿಟ್ಟರು. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಅವರ ಹೆಂಡತಿ ಎದ್ದು ಬಂದು, ಸೆರಗು ಸರಿಸಿ, ಬಕೆಟ್ಟಿನಲ್ಲಿ ಮೊಣಕೈ ಅದ್ದಿದರು.

"ತಣ್ಣಗಿದೆ" ಎಂದರು.

"ಇದಕ್ಕೆ ತಣ್ಣೀರೇ ಸಾಕಮ್ಮ, ಹೊತ್ತಾಗ್ತಿದೆ" ಎಂದರು ಪುರೋಹಿತರು.

"ಇಷ್ಟು ವರ್ಷ ತಣ್ಣೀರೇ ಆಯ್ತಲ್ಲ ಸ್ವಾಮಿ."

ನಾನು ಬೀದಿ ದಾಟಿ ಓಡಿ, ಎರಡು ಬಕೆಟ್ ಬಿಸಿನೀರು ಹಿಡಿದು ತಂದೆ. ತಿರುಗಿ ನೋಡಿದರೆ ನಾನೊಬ್ಬಳೇ ಅಲ್ಲ. ಪಕ್ಕದ ಮನೆಯವರು ಗೀಸರಿನದು, ಮೂಲೆ ಮನೆಯವರು ಬಾಯ್ಲರಿನದು, ಹಿಂದಿನ ಬೀದಿಯ ಒಬ್ಬರು ಕಾಯಿಲ್ ಹಾಕಿ ಕಾಯಿಸಿದ್ದು, ಎಲ್ಲ ಅವರು ಆರಿಸಿಕೊಟ್ಟವುಗಳ ನೀರೇ. ನಮ್ಮ ಮಾವನವರು ಕಣ್ಣು ಕಾಣದೆ ತಡವರಿಸುತ್ತ ಒಂದೇ ಒಂದು ಚೊಂಬು ತಂದಿದ್ದರು, ಅದರಲ್ಲೂ ಅರ್ಧ ದಾರಿಯಲ್ಲಿ ಚೆಲ್ಲಿತ್ತು. ಆಕೆ ಒಂದೊಂದರಲ್ಲೂ ಮೊಣಕೈ ಅದ್ದಿ ನೋಡಿದರು. ಒಂದು ಸುಡುತ್ತದೆ ಎಂದು ಪಕ್ಕಕ್ಕೆ ಇರಿಸಿದರು. ಇನ್ನೊಂದು ಸಾಲದು ಎಂದರು. ಅಳುತ್ತಿದ್ದವರಿಗೂ ಒಂದು ಕ್ಷಣ ನಗು ಬಂತು, ಎದುರುಮನೆಯವರೇ ಎದ್ದು ಬಂದು ನೀರು ನೋಡುತ್ತಿದ್ದ ಹಾಗಿತ್ತು. ಕೊನೆಗೆ ನಾನು ತಂದ ಬಕೆಟ್ಟಿನ ಮುಂದೆ ನಿಂತು, "ಸರಿಯಾಗಿದೆ" ಎಂದರು.

ಸಂಜೆ ಗಂಡಸರು ಸ್ಮಶಾನದಿಂದ ಹಿಂತಿರುಗಿದರು. ನಮ್ಮ ಮನೆಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಮಿಂದರು. ನಾನು ಎದುರುಮನೆಯ ಅಂಗಳ ತೊಳೆದು, ಆಕೆಗೆ ಒಂದು ಲೋಟ ಕಾಫಿ ಕುಡಿಸಿ ಬರುವಾಗ ಏಳಾಗಿತ್ತು. ಬಿಸಿನೀರು ಉಳಿದಿರುತ್ತದೆ ಎಂದು ನಾನು ನಂಬಿರಲಿಲ್ಲ. ಎರಡು ಬಕೆಟ್ ಕೊಟ್ಟಾಗಿತ್ತು, ಆರು ಜನರ ತಲೆಸ್ನಾನ ಆಗಿತ್ತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಬಕೆಟ್ಟಿಗೆ ಮೊಣಕೈ ಇಳಿಸಿದೆ.

ನೀರು ಬಿಸಿಯಾಗಿಯೇ ಇತ್ತು.